ಔತಣ ಎಂದರೆ ಕರೆ: ಬೆಂಗಳೂರಿನ ಛತ್ರಗಳಲ್ಲಿ ಎಲೆ ಲೆಕ್ಕ ತಪ್ಪುವುದೇಕೆ

ಔತಣ ಅಂದ ಕೂಡಲೇ ಬಾಳೆಲೆ, ಎಲೆಯ ತುದಿಯಲ್ಲಿ ಚಿಟಿಕೆ ಉಪ್ಪು, ತುಪ್ಪ ಬಿದ್ದ ಬಿಸಿ ಅನ್ನ ಕಣ್ಣಮುಂದೆ ಬರುತ್ತವೆ. ಪದವನ್ನು ಬಿಡಿಸಿ ನೋಡಿದರೆ ಇವೊಂದೂ ಅದರೊಳಗಿಲ್ಲ. ಮದುವೆಯ ಊಟ ಛತ್ರಗಳಲ್ಲಿ ಏಕೆ ಚೆಲ್ಲಿಹೋಗುತ್ತದೆ ಎಂಬುದರ ಸುಳಿವು ಮಾತ್ರ ಅದರೊಳಗಿದೆ. ಸಂಸ್ಕೃತದ ‘ಆಮಂತ್ರಣ’ ಜನರ ಬಾಯಲ್ಲಿ ಸವೆದು, ಮಕಾರ ವಕಾರವಾಗಿ, ಮರಾಠಿಯಲ್ಲಿ ‘ಆವತಣ’ ಎಂದು ನಿಂತಿತು. ಕನ್ನಡದಲ್ಲಿ ‘ಅವುತಣ’ವಾಗಿ ‘ಔತಣ’ವಾಯಿತು. ಮರಾಠಿಯವರ ಆವತಣಕ್ಕೆ ಇಂದಿಗೂ ಕರೆ ಎಂಬುದೇ ಅರ್ಥ. ನಮ್ಮಲ್ಲಿ ಮಾತ್ರ ಅರ್ಥ ಬಾಗಿಲಿನಿಂದ ಅಡುಗೆಮನೆಗೆ ಸರಿಯಿತು. ಕರೆದದ್ದು ಹಿಂದೆ ಬಿತ್ತು, ಬಡಿಸಿದ್ದು ಮುಂದೆ ಬಂತು. ‘ಔತಣಕ್ಕೆ ಕರೆದರು’ ಎಂದು ಸಲೀಸಾಗಿ ಹೇಳುತ್ತೇವೆ. ಮೂಲದ ಪ್ರಕಾರ ಅದು ‘ಕರೆಗೆ ಕರೆದರು’ ಎಂದಂತೆ.

ಈ ಬೇರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಾಣಿನಿಯ ವ್ಯಾಕರಣದಲ್ಲಿ ‘ನಿಮಂತ್ರಣ’ ಮತ್ತು ‘ಆಮಂತ್ರಣ’ ಒಂದೇ ಸೂತ್ರದಲ್ಲಿ (3.3.161) ಅಕ್ಕಪಕ್ಕ ಬರುತ್ತವೆ. ಅರ್ಥ ಒಂದೇ ಆಗಿದ್ದರೆ ಎರಡನ್ನೂ ಹೇಳಬೇಕಿರಲಿಲ್ಲ. ಪಾಣಿನಿಯ ಸೂತ್ರಗಳ ಹಳೆಯ ವ್ಯಾಖ್ಯಾನವಾದ ಕಾಶಿಕಾವೃತ್ತಿ ಇವೆರಡರ ನಡುವೆ ಗೆರೆ ಎಳೆಯುತ್ತದೆ: ನಿಮಂತ್ರಣ ನಿಯೋಗ, ಅಂದರೆ ಬರಲೇಬೇಕಾದ ಕರೆ, ಶ್ರಾದ್ಧದ ಊಟಕ್ಕೆ ಹೇಳಿದ ಹಾಗೆ, ತಪ್ಪಿಸಿಕೊಂಡರೆ ದೋಷ. ಆಮಂತ್ರಣ ಕಾಮಚಾರ, ಬರುವುದು ಬಿಡುವುದು ಕರೆಸಿಕೊಂಡವರ ಇಷ್ಟ. ಔತಣ ಹುಟ್ಟಿದ್ದು ಈ ಎರಡನೆಯದರಿಂದ. ಕರೆದವರೆಲ್ಲ ಬರುವುದಿಲ್ಲ ಎಂಬ ಅನಿಶ್ಚಿತತೆ ಪದದ ಹೊಟ್ಟೆಯಲ್ಲೇ ಕೂತಿದೆ. ಬೆಂಗಳೂರಿನ ಛತ್ರಗಳ ಹಿಂಬಾಗಿಲಿನಲ್ಲಿ ಅನ್ನ ಚೆಲ್ಲುವ ಸಮಸ್ಯೆಯ ಅರ್ಧ ಭಾಗ ಈ ಕಾಮಚಾರವೇ.

ಔತಣಕ್ಕೂ ಮೊದಲು ಕನ್ನಡಕ್ಕೆ ತನ್ನದೇ ಪದವಿತ್ತು. ಹಳಗನ್ನಡದಲ್ಲಿ ಅದು ‘ಬಿರ್ದು’, ಮುಂದೆ ‘ಬಿದ್ದು’. ‘ಬಿದ್ದಿನ’ ಎಂದರೆ ಮನೆಗೆ ಬಂದ ನೆಂಟ, ಅತಿಥಿ. ತಮಿಳಿನ ‘ವಿರುಂದು’, ತೆಲುಗಿನ ‘ವಿಂದು’ ಇದರದೇ ಒಡಹುಟ್ಟುಗಳು. ತಮಿಳಿನಲ್ಲಿ ವಿರುಂದು ಎಂದರೆ ಊಟವೂ ಹೌದು, ಅತಿಥಿಯೂ ಹೌದು, ಹೊಸತನವೂ ಹೌದು. ಬಂದ ವ್ಯಕ್ತಿಯನ್ನೂ ಅವನಿಗಿಟ್ಟ ಊಟವನ್ನೂ ಬೇರೆ ಮಾಡದೆ ಒಂದೇ ಹೆಸರಿನಲ್ಲಿ ಹಿಡಿದ ಪದ ಅದು. ಕನ್ನಡದಲ್ಲಿ ಈ ಪದ ಬಳಕೆ ತಪ್ಪಿದ್ದು ನಿಜವಾದ ನಷ್ಟ.

ಊಟಕ್ಕೆ ಸಂಬಂಧಿಸಿದ ಉಳಿದ ಪದಗಳಲ್ಲಿ ಎರಡನ್ನು ನೋಡಬೇಕು. ‘ಸಂತರ್ಪಣೆ’ಯ ಧಾತು ‘ತೃಪ್’. ತೃಪ್ತಿ, ತರ್ಪಣ ಅದೇ ಬೇರಿನವು. ತಿಂದವರ ತೃಪ್ತಿಯೇ ಅಲ್ಲಿನ ಅಳತೆ, ಬಗೆಗಳ ಸಂಖ್ಯೆಯಲ್ಲ. ‘ಉಪಚಾರ’ ಎಂದರೆ ಹತ್ತಿರ ನಡೆದು ಬರುವುದು: ಉಪ ಎಂದರೆ ಬಳಿ, ಚರ ಎಂದರೆ ನಡೆ. ಮನೆಯವರು ಪಂಕ್ತಿಯ ಉದ್ದಕ್ಕೂ ನಡೆಯುತ್ತ ‘ಸಾವಕಾಶವಾಗಿ ಆಗಲಿ’, ‘ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ’ ಎಂದು ಕೇಳುವುದೇ ಉಪಚಾರ. ಬರೀ ಹೇರಳತೆಯನ್ನು ಹೇಳುವ ಪದ ‘ಭೂರಿಭೋಜನ’. ಭೂರಿ ಎಂದರೆ ಬಹಳ, ಅಷ್ಟೇ. ‘ಭರ್ಜರಿ’ಯಂತೂ ಬಟ್ಟೆಯ ಅಂಗಡಿಯಿಂದ ಬಂದದ್ದು, ಮರಾಠಿಯಲ್ಲಿ ‘ಭರಜರಿ’ ಎಂದರೆ ಮೈತುಂಬ ಜರಿ ಇರುವ ವಸ್ತ್ರ. ಈಗ ಬೆಂಗಳೂರಿನ ಮಾತಿನಲ್ಲಿ ಇವೆಲ್ಲದರ ಜಾಗಕ್ಕೆ ‘ಗ್ರ್ಯಾಂಡ್’ ಬಂದು ಕೂತಿದೆ. ‘ಮದುವೆ ಗ್ರ್ಯಾಂಡಾಗಿ ಮಾಡಿದ್ರು’ ಎಂದರೆ ಸಾಮಾನ್ಯವಾಗಿ ಹೂವಿನ ಅಲಂಕಾರ ಮತ್ತು ಊಟದ ಬಗೆಗಳ ಎಣಿಕೆ. ಕರೆದದ್ದು ಹೇಗೆ, ಉಪಚರಿಸಿದ್ದು ಯಾರು, ತೃಪ್ತಿಯಾಯಿತೋ ಇಲ್ಲವೋ ಎಂಬುದು ಆ ಪದದ ವ್ಯಾಪ್ತಿಗೆ ಬರುವುದಿಲ್ಲ.

‘ಛತ್ರ’ ಎಂಬ ಪದದ ಹಾದಿಯೂ ಹೀಗೆಯೇ. ಸಂಸ್ಕೃತದ ‘ಸತ್ರ’ದಿಂದ ಬಂದ ಇದು ದಾರಿಹೋಕರಿಗೆ ಅನ್ನ, ನೆರಳು ಕೊಡುವ ಜಾಗದ ಹೆಸರು. ಮೆಜೆಸ್ಟಿಕ್ಕಿನ ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಧರ್ಮಛತ್ರ ಕಟ್ಟಿದ್ದು ಕರೆಯದೆ ಬಂದವರಿಗಾಗಿ. ಜಯನಗರದಲ್ಲೋ ವಿಜಯನಗರದಲ್ಲೋ ಇಂದು ‘ಛತ್ರ ಬುಕ್ ಆಯ್ತಾ?’ ಎಂದು ಕೇಳಿದರೆ ಅದು ಕರೆಯೋಲೆ ಇದ್ದವರಿಗಷ್ಟೇ ತೆರೆಯುವ ಬಾಗಿಲು.

ಮದುವೆಯ ಊಟ ವ್ಯರ್ಥವಾಗುವ ಚರ್ಚೆ ಬಂದಾಗಲೆಲ್ಲ ಒಂದು ಅಂಕಿ ತಪ್ಪದೆ ಕೇಳಿಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವೊಂದು ನಗರದ 531 ಕಲ್ಯಾಣ ಮಂಟಪಗಳ ಪೈಕಿ 75ರಲ್ಲಿ ಸಮೀಕ್ಷೆ ಮಾಡಿತ್ತು. 2012ರಲ್ಲಿ ಪತ್ರಿಕೆಗಳು ಅದನ್ನು ವರದಿ ಮಾಡಿದವು: ವರ್ಷಕ್ಕೆ ಸುಮಾರು 85,000 ಮದುವೆ, 943 ಟನ್ ಆಹಾರ ವ್ಯರ್ಥ, ಅದರ ಬೆಲೆ ₹339 ಕೋಟಿ, 2.6 ಕೋಟಿ ಜನರಿಗೆ ಒಂದು ಹೊತ್ತಿನ ಊಟವಾಗುವಷ್ಟು. ಇಂದಿಗೂ ಭಾಷಣಗಳಲ್ಲಿ ಈ ಅಂಕಿಗಳು ಹಾಗೆಯೇ ಬರುತ್ತವೆ. ಒಮ್ಮೆ ಕೂತು ಭಾಗಿಸಿ ನೋಡಿ. 943 ಟನ್ನನ್ನು 85,000 ಮದುವೆಗೆ ಹಂಚಿದರೆ ಒಂದು ಮದುವೆಗೆ 11 ಕೆಜಿ. ಸಣ್ಣ ನಾಮಕರಣದಲ್ಲೂ ಇದಕ್ಕಿಂತ ಹೆಚ್ಚು ಉಳಿಯುತ್ತದೆ. ₹339 ಕೋಟಿಯನ್ನು 943 ಟನ್ನಿನಿಂದ ಭಾಗಿಸಿದರೆ ಕೆಜಿಗೆ ಸುಮಾರು ₹3,600. ಆ ಬೆಲೆಯ ಹುಳಿ ಅನ್ನ ಯಾವ ಛತ್ರದಲ್ಲೂ ಇಲ್ಲ. 2.6 ಕೋಟಿ ಜನಕ್ಕೆ ಹಂಚಿದರೆ ತಲೆಗೆ 36 ಗ್ರಾಂ, ಎರಡು ತುತ್ತು. ಈ ಮೂರು ಅಂಕಿಗಳು ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಆದರೆ ಮದುವೆಯೊಂದಕ್ಕೆ ₹40,000ದ ನಷ್ಟ ಎಂಬುದು (339 ಕೋಟಿಯನ್ನು 85,000ದಿಂದ ಭಾಗಿಸಿದರೆ ಬರುವುದು ಅಷ್ಟೇ) ಅಡುಗೆಯವರ ಲೆಕ್ಕಕ್ಕೆ ಹತ್ತಿರವಿದೆ. ಸಮಸ್ಯೆ ದೊಡ್ಡದು ಎಂಬುದಕ್ಕೆ ಅಷ್ಟು ಸಾಕು. ದೊಡ್ಡ ಅಂಕಿಯನ್ನು ತಪ್ಪಾಗಿ ಹೇಳುವುದಕ್ಕಿಂತ ಒಂದು ಮದುವೆಯ ಲೆಕ್ಕವನ್ನು ಸರಿಯಾಗಿ ಬಿಡಿಸುವುದು ಉಪಯುಕ್ತ.

ಲೆಕ್ಕ ಮೊದಲು ತಪ್ಪುವುದು ಕರೆಯಲ್ಲಿ. ಲಗ್ನಪತ್ರಿಕೆಯಲ್ಲಿ ‘ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ’ ಎಂದು ಅಚ್ಚಾಗಿರುತ್ತದೆ. ಒಂದು ಪತ್ರಿಕೆ ಒಬ್ಬರನ್ನು ಕರೆದದ್ದೋ ಐವರನ್ನೋ? ಹಿಂದೆ ಕರೆಯುವ ಬಗೆಯಲ್ಲೇ ಇದಕ್ಕೆ ಉತ್ತರವಿತ್ತು. ಮನೆಗೆ ಬಂದು ಕುಂಕುಮ ಕೊಟ್ಟು, ಹಿರಿಯರ ಕಾಲಿಗೆ ನಮಸ್ಕರಿಸಿ ಕರೆದರೆ ಇಡೀ ಮನೆಗೆ ಕರೆ. ಊರಿನಲ್ಲಿ ‘ಮನೆಗೊಬ್ಬರು ಬನ್ನಿ’ ಎಂದು ಸಾರಿದರೆ ಒಬ್ಬರಿಗೆ. ಪತ್ರಿಕೆ ಅಂಚೆಯಲ್ಲಿ ಬಂದರೆ ಹಾರೈಕೆ ಸಾಕು ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಈಗ ಅದೇ ಒಕ್ಕಣೆಯ ಪಿಡಿಎಫ್ ಪ್ರತಿ ವಾಟ್ಸಾಪಿನಲ್ಲಿ ಸೋದರಮಾವನಿಗೂ ಹೋಗುತ್ತದೆ, ಅಪಾರ್ಟ್‌ಮೆಂಟಿನ 200 ಮನೆಗಳ ಗುಂಪಿಗೂ ಹೋಗುತ್ತದೆ. ಕರೆಯ ಶ್ರೇಣಿ ಅಳಿಸಿಹೋಯಿತು. ಬರುವವರನ್ನು ಅಂದಾಜು ಮಾಡಲು ಇದ್ದ ಸಾಧನವೇ ಕೈತಪ್ಪಿತು.

ಪಟ್ಟಿಯನ್ನು ಮೊಟಕು ಮಾಡಿ ಎಂಬ ಬುದ್ಧಿಮಾತು ಇಲ್ಲಿ ನಡೆಯುವುದಿಲ್ಲ. ಕಾರಣ ಮುಯ್ಯಿ. ಹಳೇ ಮೈಸೂರಿನ ಕಡೆಯ ಮದುವೆಗಳಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ಬರೆದದ್ದು ಮುಂದೆ ಅವರ ಮನೆಯ ಕಾರ್ಯದಲ್ಲಿ ತೀರಿಸಬೇಕಾದ ಬಾಕಿ. ‘ಮುಯ್ಯಿ’ ಎಂದರೆ ಉಡುಗೊರೆ, ‘ಮುಯ್ಯಿಗೆ ಮುಯ್ಯಿ’ ಎಂದರೆ ಸೇಡು. ಎರಡರ ಒಳಗೂ ಇರುವುದು ಮರಳಿಸುವ ಋಣ. ‘ಆಶೀರ್ವಾದವೇ ಉಡುಗೊರೆ’ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಮನೆಯಲ್ಲೂ ಈ ಲೆಕ್ಕ ತಲೆಯೊಳಗೆ ನಡೆಯುತ್ತಲೇ ಇರುತ್ತದೆ. ಹತ್ತು ಮದುವೆಗೆ ಹೋಗಿ ಉಂಡು ಬಂದವರು ತಮ್ಮ ಮಗಳ ಮದುವೆಗೆ ಆ ಹತ್ತು ಮನೆಯವರನ್ನು ಕರೆಯದೆ ಇರಲಾರರು, ಇರಬಾರದು ಕೂಡ. ಊಟ ಋಣ ಹುಟ್ಟಿಸುತ್ತದೆ ಎಂಬುದು ಕಾನೂನಿಗೂ ಗೊತ್ತು. ಚುನಾವಣೆಯ ಲಂಚದ ಬಗ್ಗೆ ಹೇಳುವಾಗ ಭಾರತೀಯ ನ್ಯಾಯ ಸಂಹಿತೆಯ 173ನೇ ಸೆಕ್ಷನ್, ತಿನ್ನಲು ಕುಡಿಯಲು ಕೊಡುವುದನ್ನು, ಮನರಂಜನೆ ಒದಗಿಸುವುದನ್ನು ‘ಟ್ರೀಟಿಂಗ್’ ಎಂಬ ಪ್ರತ್ಯೇಕ ಬಗೆಯ ಲಂಚ ಎಂದು ಹೆಸರಿಸಿದೆ. ಅದಕ್ಕೆ ದಂಡ ಮಾತ್ರ, ಸೆರೆವಾಸವಿಲ್ಲ. ಹಳೆಯ ದಂಡಸಂಹಿತೆಯ 171-ಇ ಯಲ್ಲೂ ಇದೇ ಮಾತಿತ್ತು. ಚುನಾವಣೆ ಹತ್ತಿರ ಬಂದಾಗ ವಾರ್ಡಿನ ಬಾಡೂಟಗಳಿಗೆ ಯಾರು ದುಡ್ಡು ಕೊಡುತ್ತಿದ್ದಾರೆ ಎಂದು ಕೇಳುವುದು ಮತದಾರರಿಗೆ ಬಿಟ್ಟ ಕೆಲಸ.

ಮದುವೆಗೆ ಮರಳೋಣ. ಎರಡನೆಯ ತಪ್ಪು ಪಂಚಾಂಗದಲ್ಲಿದೆ. ಆಷಾಢ, ಧನುರ್ಮಾಸ ಕಳೆದು ಉಳಿದ ತಿಂಗಳುಗಳ ಒಳ್ಳೆಯ ಲಗ್ನಗಳು ಬೆರಳೆಣಿಕೆಯಷ್ಟು. ಅದರಲ್ಲೂ ಭಾನುವಾರ ಸಿಕ್ಕರೆ ಊರಿನ ಎಲ್ಲ ಛತ್ರವೂ ಭರ್ತಿ. ಬೆಂಗಳೂರಿನಲ್ಲಿ ಆರತಕ್ಷತೆ ಸಾಮಾನ್ಯವಾಗಿ ಮುಹೂರ್ತದ ಹಿಂದಿನ ಸಂಜೆ. ಆ ಒಂದು ಸಂಜೆ ಒಬ್ಬರಿಗೆ ಬನಶಂಕರಿಯಲ್ಲಿ ಒಂದು, ರಾಜಾಜಿನಗರದಲ್ಲಿ ಒಂದು, ಯಲಹಂಕದಲ್ಲಿ ಒಂದು ಆರತಕ್ಷತೆ ಇರುತ್ತದೆ. ಮೂರು ಕಡೆಯೂ ‘ಮುಖ ತೋರಿಸಿ’ ಬರುತ್ತಾರೆ. ಉಣ್ಣುವುದು ಒಂದೇ ಕಡೆ. ಮೂರೂ ಅಡುಗೆಮನೆ ಅವರ ಹೆಸರಿನಲ್ಲಿ ಅಕ್ಕಿ ನೆನೆಸಿರುತ್ತದೆ. ಇದಕ್ಕೆ ಯಾರ ದುಂದುಗಾರಿಕೆಯನ್ನೂ ದೂರುವಂತಿಲ್ಲ. ಒಂದು ಹೊಟ್ಟೆಯನ್ನು ಮೂರು ಬಾರಿ ಎಣಿಸಿದ್ದರ ಫಲ ಇದು. ಮೂರನೆಯ ಮದುವೆಗೆ ತಲುಪುವಷ್ಟರಲ್ಲಿ ರಸ್ತೆಯಲ್ಲೇ ಒಂಬತ್ತೂವರೆ. ವೇದಿಕೆಯ ಮುಂದೆ ಫೋಟೋಗೆ ನಿಂತ ಸಾಲು ಕಂಡು, ಹಸ್ತಲಾಘವ ಮಾಡಿ, ಹಾಗೇ ಹೊರಟುಬಿಡುತ್ತಾರೆ.

ಮೂರನೆಯದು ಅಂಜಿಕೆಯ ಮೇಲೆ ಅಂಜಿಕೆ. ಬರುವ ನಿರೀಕ್ಷೆ 600 ಎಂದಿಟ್ಟುಕೊಳ್ಳಿ. ಊಟ ಸಾಲದೆ ಹೋದರೆ ಬೀಗರ ಮುಂದೆ ಮಾನ ಹೋಗುತ್ತದೆ ಎಂದು ಮನೆಯವರು ನೂರಕ್ಕೆ 20 ಸೇರಿಸಿ 720 ಎಲೆ ಹೇಳುತ್ತಾರೆ. ಸಾಲದೆ ಹೋದರೆ ಕೆಟ್ಟ ಹೆಸರು ತನಗೇ ಬರುವುದು ಎಂದು ಅಡುಗೆಯವರು ಅದರ ಮೇಲೆ ನೂರಕ್ಕೆ 10 ಸೇರಿಸುತ್ತಾರೆ. ಅಲ್ಲಿಗೆ 792. ನಿಜವಾದ ನಿರೀಕ್ಷೆಗಿಂತ 192 ಎಲೆ ಹೆಚ್ಚು; ನೂರಕ್ಕೆ 32. ಇಬ್ಬರೂ ಎಚ್ಚರಿಕೆಯಿಂದಲೇ ನಡೆದುಕೊಂಡಿದ್ದಾರೆ, ಒಬ್ಬರ ಎಚ್ಚರಿಕೆ ಇನ್ನೊಬ್ಬರಿಗೆ ಗೊತ್ತಿಲ್ಲ. ಕನಿಷ್ಠ ಇಷ್ಟು ಎಲೆಗೆ ದುಡ್ಡು ಕೊಡಲೇಬೇಕು ಎಂದು ಮೊದಲೇ ಒಪ್ಪಂದವಾಗಿರುವುದರಿಂದ, ಎರಡು ದಿನ ಮುಂಚೆ ಬರುವವರು ಕಡಿಮೆ ಎಂದು ತಿಳಿದರೂ ಸಂಖ್ಯೆ ಇಳಿಸಲು ಮನೆಯವರಿಗೆ ಲಾಭವಿಲ್ಲ.

ಪರಿಹಾರವೂ ಇಲ್ಲೇ ಇದೆ. ಅಡುಗೆಯವರ ಹತ್ತಿರ ಒಂದೇ ಸಂಖ್ಯೆ ಹೇಳಬಾರದು, ಎರಡು ಹೇಳಬೇಕು: ‘ನಮ್ಮ ನಿಜವಾದ ಅಂದಾಜು 600, ಮೀರಿದರೆ 700ರವರೆಗೆ ಹೋಗಬಹುದು. ಮೇಲಿನ 100 ಎಲೆಗೆ ಸಾಮಾನು ಉಗ್ರಾಣದಲ್ಲಿರಲಿ, ಒಲೆಯ ಮೇಲೆ ಬೇಡ.’ ಬೇಳೆ, ಅಕ್ಕಿ, ಹೆಚ್ಚದ ತರಕಾರಿ ಮಾರನೆಯ ದಿನಕ್ಕೂ ಆಗುತ್ತದೆ, ಬೇಯಿಸಿದ್ದು ಆಗುವುದಿಲ್ಲ. ನಿಜವಾದ ಅಂದಾಜಿಗೆ ಬರಲು ಪಟ್ಟಿಯನ್ನು ಕರೆದ ಬಗೆಯ ಪ್ರಕಾರ ಮೂರು ಭಾಗ ಮಾಡಿಕೊಳ್ಳಿ. ಮನೆಗೆ ಹೋಗಿ ಕರೆದವರು, ಫೋನಿನಲ್ಲಿ ಕರೆದವರು, ಬರೀ ವಾಟ್ಸಾಪಿನಲ್ಲಿ ಕಳಿಸಿದವರು. ಉದಾಹರಣೆಗೆ ಮೊದಲ ಗುಂಪಿನಲ್ಲಿ 400 ಜನರಿದ್ದರೆ ಹತ್ತರಲ್ಲಿ ಒಂಬತ್ತು ಮಂದಿ ಬರುತ್ತಾರೆಂದು 360, ಎರಡನೆಯದರಲ್ಲಿ 250 ಜನರಿದ್ದರೆ ಅರ್ಧಕ್ಕೆ ಸ್ವಲ್ಪ ಮೇಲೆ 140, ಮೂರನೆಯದರಲ್ಲಿ 400 ಇದ್ದರೆ ಕಾಲುಭಾಗ 100. ಒಟ್ಟು 600. ತೂಕ ನಿಮ್ಮ ಬಂಧುಬಳಗಕ್ಕೆ ತಕ್ಕಂತೆ ಬದಲಾಗಲಿ, ಆದರೆ ಭಾಗ ಮಾಡುವುದನ್ನು ಬಿಡಬೇಡಿ. ಮದುವೆಗೆ ನಾಲ್ಕು ದಿನ ಮುಂಚೆ ಎರಡನೆಯ ಗುಂಪಿಗೆ ಮನೆಯ ಹಿರಿಯರೊಬ್ಬರು ಫೋನ್ ಮಾಡಿ ‘ಎಷ್ಟು ಜನ ಬರ್ತೀರಮ್ಮಾ, ಊಟಕ್ಕೆ ಇರ್ತೀರಲ್ಲ?’ ಎಂದು ಕೇಳಿದರೆ ಅದು ಲೆಕ್ಕವೂ ಆಯಿತು, ಎರಡನೆಯ ಕರೆಯೂ ಆಯಿತು. ಬಂದೇ ಬರುತ್ತೀರಾ ಎಂದು ಕೇಳಿದರೆ ಬೇಸರ ಆಗಬಹುದು. ಊಟಕ್ಕೆ ಇರುತ್ತೀರಾ ಎಂದು ಕೇಳಿದರೆ ಯಾರಿಗೂ ಬೇಸರವಿಲ್ಲ.

ಇನ್ನು ಎಲೆಯ ಮೇಲಿನ ಲೆಕ್ಕ. ಹಸಿದು ಬಂದ ದೊಡ್ಡವರೊಬ್ಬರು ಎಲ್ಲ ಸೇರಿ 600ರಿಂದ 700 ಗ್ರಾಂ ಉಣ್ಣಬಹುದು. ಈಗಿನ ಬೆಂಗಳೂರಿನ ಮದುವೆ ಎಲೆಯಲ್ಲಿ 22ರಿಂದ 25 ಬಗೆ, ಉದಾಹರಣೆಗೆ ಎರಡು ಕೋಸಂಬರಿ, ಎರಡು ಪಲ್ಯ, ಗೊಜ್ಜು, ಹಪ್ಪಳ, ಬೋಂಡ, ಒಂದು ಕಲಸನ್ನ, ಪೂರಿಯೋ ರೊಟ್ಟಿಯೋ ಅದಕ್ಕೊಂದು ಕೂರ್ಮ, ತೊವ್ವೆ, ಹುಳಿ, ಸಾರು, ಪಾಯಸ, ಹೋಳಿಗೆ, ಚಿರೋಟಿ ಅದಕ್ಕೆ ಬಾದಾಮಿ ಹಾಲು, ಕೊನೆಗೆ ಮೊಸರು. ಬಗೆಗೆ ಸರಾಸರಿ 40 ಗ್ರಾಂ ಎಂದರೂ 25 ಬಗೆಗೆ ಒಂದು ಕೆಜಿ. ಒಬ್ಬರೂ ಎರಡನೆಯ ಸಲ ಏನನ್ನೂ ಹಾಕಿಸಿಕೊಳ್ಳದಿದ್ದರೂ 300 ಗ್ರಾಂ ಎಲೆಯಲ್ಲೇ ಉಳಿಯಬೇಕು. 600 ಎಲೆಗೆ 180 ಕೆಜಿ. ತಿನ್ನುವವರು ಶಿಸ್ತಿಲ್ಲದವರು ಎಂದು ಗೋಡೆಗೆ ಫಲಕ ಹಾಕಿಸಿ ಪ್ರಯೋಜನವಿಲ್ಲ. ಮೆನು ಬರೆದ ಹೊತ್ತಿನಲ್ಲೇ ಆ 180 ಕೆಜಿ ನಿಗದಿಯಾಗಿದೆ.

ಅಡುಗೆಯವರಿಗೆ 100 ಎಲೆಯ ಲೆಕ್ಕ ಬಾಯಿಪಾಠ. ಕಲಸನ್ನವೂ ಇರುವ ಊಟಕ್ಕೆ ಬಿಳಿ ಅನ್ನಕ್ಕೆ 8ರಿಂದ 9 ಕೆಜಿ ಅಕ್ಕಿ, ಕಲಸನ್ನಕ್ಕೆ 3 ಕೆಜಿ. ಹುಳಿಗೆ ತೊಗರಿಬೇಳೆ 3 ಕೆಜಿ, ತರಕಾರಿ 6ರಿಂದ 7 ಕೆಜಿ. ಕೋಸಂಬರಿಗೆ ಹೆಸರುಬೇಳೆ ಒಂದೂವರೆ ಕೆಜಿ, ನೆನೆದರೆ ಅದು ಎರಡರಷ್ಟಾಗುತ್ತದೆ. ಪಾಯಸ 8 ಲೀಟರ್, ಮೊಸರು 8ರಿಂದ 10 ಲೀಟರ್, ತುಪ್ಪ 1 ಲೀಟರ್. ಒಂದು ಕೆಜಿ ಅಕ್ಕಿ ಬೆಂದರೆ ಎರಡೂವರೆಯಿಂದ ಮೂರು ಕೆಜಿ ಅನ್ನ. ತಪ್ಪು ಈ ಅಳತೆಗಳಲ್ಲಿಲ್ಲ. ಬಗೆಗಳು ಹೆಚ್ಚಿದಾಗ ಅಳತೆಯನ್ನು ಇಳಿಸದೆ ಇರುವುದರಲ್ಲಿದೆ. ಆರತಕ್ಷತೆಗೆ ದೋಸೆ, ಚಾಟ್, ಜಿಲೇಬಿ ಎಂದು ನಾಲ್ಕು ಬಿಸಿಬಿಸಿ ಕೌಂಟರ್ ಇಟ್ಟರೆ ಅನ್ನದ ಅಕ್ಕಿ 100ಕ್ಕೆ 5 ಕೆಜಿ ಸಾಕು. ಕೇಳಿದಾಗ ಹುಯ್ದುಕೊಡುವ ಕೌಂಟರಿನಲ್ಲಿ ಚೆಲ್ಲುವುದು ಕಡಿಮೆ, ಆದರೆ ಅಲ್ಲಿ ಹೊಟ್ಟೆ ತುಂಬಿದವರು ಹುಳಿ ಅನ್ನದ ಕಡೆ ಬರುವುದಿಲ್ಲ ಎಂಬುದನ್ನು ಒಲೆಯ ಹತ್ತಿರ ಇರುವವರಿಗೆ ಯಾರಾದರೂ ಹೇಳಬೇಕು.

ಹಿಗ್ಗಿಸಬಹುದಾದ ಅಡುಗೆ, ಹಿಗ್ಗಿಸಲಾಗದ ಅಡುಗೆ ಎಂಬ ಭೇದ ಮನೆಯವರಿಗೂ ತಿಳಿದಿರಬೇಕು. ಅನ್ನ ಅರ್ಧ ಗಂಟೆಯಲ್ಲಿ ಹೊಸದಾಗಿ ಆಗುತ್ತದೆ. ಸಾರು, ಹುಳಿಗೆ ಬೇಳೆಕಟ್ಟು ಸೇರಿಸಿ ಕುದಿಸಬಹುದು. ಕೋಸಂಬರಿ, ಉಪ್ಪಿಟ್ಟು, ಕೇಸರಿಬಾತು ಬೇಗ ಆಗುವಂಥವು. ಹೋಳಿಗೆ, ಚಿರೋಟಿ, ಲಾಡು ಹಿಂದಿನ ದಿನವೇ ಎಣಿಸಿ ಮಾಡಿಟ್ಟಿರುವುದು. ಜನ ಹೆಚ್ಚಾದರೆ ತಕ್ಷಣ ಬರುವುದಿಲ್ಲ. ಆದ್ದರಿಂದ ಅಂಜಿಕೆಯ ಹೆಚ್ಚುವರಿಯನ್ನು ಚಿರೋಟಿ, ಲಾಡಿನಂಥ ಒಣ ಸಿಹಿಯಲ್ಲಿ ಮಾತ್ರ ಇಟ್ಟುಕೊಳ್ಳಿ, 100ಕ್ಕೆ 110ರಂತೆ. ಉಳಿದರೂ ನಾಲ್ಕು ದಿನ ಕೆಡದೆ ಇರುತ್ತದೆ. ಅನ್ನ, ಹುಳಿಯನ್ನು ನೂರಕ್ಕೆ 80 ಭಾಗ ಮಾಡಿ ಶುರು ಮಾಡಿ, ಎರಡನೆಯ ಪಂಕ್ತಿ ಕೂತ ಮೇಲೆ ಮುಂದಿನ ಹಂಡೆ ಇಡುವುದೋ ಬೇಡವೋ ತೀರ್ಮಾನಿಸಲಿ.

ಬೀಗರೂಟದ ಬಾಡೂಟದಲ್ಲಿ ಚೆಲ್ಲುವುದು ಕಡಿಮೆ, ಯಾಕೆಂದು ನೋಡಬೇಕು. ಬಗೆಗಳು ಬೆರಳೆಣಿಕೆಯವು: ಮುದ್ದೆ, ಸಾರು, ಮಾಂಸದ ಒಂದೆರಡು ಬಗೆ, ಅನ್ನ, ಮೊಸರು. 100 ಜನಕ್ಕೆ ಎಲುಬು ಸೇರಿ 18ರಿಂದ 20 ಕೆಜಿ ಮಟನ್, 10 ಕೆಜಿ ರಾಗಿಹಿಟ್ಟು. ಬಾಡು ದುಬಾರಿ, ಹಾಗಾಗಿ ತುಂಡು ಹಾಕುವ ಸೌಟು ಹಿಡಿಯಲು ನಂಬಿಕಸ್ಥರನ್ನೇ ನಿಲ್ಲಿಸುತ್ತಾರೆ; ಅವರು ಎಲೆ ನೋಡಿ, ಮುಖ ನೋಡಿ ಹಾಕುತ್ತಾರೆ. ಇನ್ನು ದಾಸೋಹದ, ಹನುಮ ಜಯಂತಿಯ ಅನ್ನಸಂತರ್ಪಣೆಯ ಅಡುಗೆಯಲ್ಲಂತೂ ಯಾರಿಗೂ ಪತ್ರಿಕೆಯೇ ಹೋಗಿರುವುದಿಲ್ಲ; ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಆದರೂ ಅಲ್ಲಿ ಉಳಿಯುವುದು ಕಡಿಮೆ. ಅನ್ನ, ಸಾರು, ಪಾಯಸ ಎಂಬ ಮೂರೇ ಬಗೆ, ಸಾಲು ನೋಡಿಕೊಂಡು ಹಂಡೆಯ ಮೇಲೆ ಹಂಡೆ ಬೇಯಿಸುವ ಪದ್ಧತಿ. ಸಂಖ್ಯೆ ಗೊತ್ತಿಲ್ಲದಿರುವುದೊಂದೇ ನಷ್ಟಕ್ಕೆ ಕಾರಣವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬಡಿಸುವ ಕ್ರಮಕ್ಕೆ ಬಂದರೆ, ಪದದಲ್ಲಿದ್ದ ಉಪಚಾರ ಕಣ್ಮರೆಯಾದದ್ದು ಇಲ್ಲೇ. ನಗರದ ಬಹುತೇಕ ಛತ್ರಗಳಲ್ಲಿ ಜನ ಕೂರುವ ಮೊದಲೇ ಎಲೆಯ ಮೇಲೆ ಹತ್ತು ಹನ್ನೆರಡು ಬಗೆ ಬಡಿಸಿಟ್ಟಿರುತ್ತಾರೆ. ಬೇಕೋ ಬೇಡವೋ ಎಂದು ಕೇಳುವ ಸಂದರ್ಭವೇ ಇಲ್ಲ. ಫ್ಯಾನಿನ ಗಾಳಿಗೆ ಹಪ್ಪಳ ಮೆತ್ತಗಾಗಿ, ಪಲ್ಯದ ಮೇಲೆ ಒಣ ಪೊರೆ ಬಂದಿರುತ್ತದೆ. ಮುಂದಿನ ಪಂಕ್ತಿಯವರು ಕುರ್ಚಿಯ ಹಿಂದೆ ಬಂದು ನಿಂತಿರುತ್ತಾರೆ, ಅರ್ಧ ಗಂಟೆಯಲ್ಲಿ ಏಳಬೇಕು. ಬಡಿಸುವವರು ಬಕೆಟ್ ಹಿಡಿದು ಓಡುತ್ತಾರೆ. ಕೈ ಅಡ್ಡ ಹಿಡಿಯುವಷ್ಟರಲ್ಲಿ ಸೌಟು ಬಿದ್ದಿರುತ್ತದೆ. ಪಂಕ್ತಿಯಲ್ಲಿ ನಡೆದಾಡಬೇಕಾದ ಮನೆಯವರು ಮೂರು ಗಂಟೆ ವೇದಿಕೆಯ ಮೇಲೆ ಫೋಟೋಗೆ ನಿಂತಿರುತ್ತಾರೆ. ಬದಲಾಯಿಸುವುದು ಕಷ್ಟವಲ್ಲ. ಉಪ್ಪು, ಉಪ್ಪಿನಕಾಯಿ, ಒಂದು ಕೋಸಂಬರಿ, ಒಂದು ಸಿಹಿ ಮಾತ್ರ ಮೊದಲೇ ಇಡಲಿ. ಉಳಿದದ್ದೆಲ್ಲ ಜನ ಕೂತ ಮೇಲೆ, ಕೇಳಿ, ಚಿಕ್ಕ ಸೌಟಿನಲ್ಲಿ. 25 ಎಲೆಗೆ ಒಬ್ಬ ಬಡಿಸುವವರಿದ್ದರೆ ಕೇಳಿ ಬಡಿಸಲಾಗುವುದಿಲ್ಲ, 12ರಿಂದ 15 ಎಲೆಗೆ ಒಬ್ಬರು ಬೇಕು. ಎರಡು ಬಗೆ ಕಡಿಮೆ ಮಾಡಿದರೆ ಅವರ ಕೂಲಿ ಅದರಲ್ಲೇ ಹುಟ್ಟುತ್ತದೆ. ಮನೆಯವರಲ್ಲಿ ಇಬ್ಬರು, ಚಿಕ್ಕಪ್ಪನೋ ಅತ್ತೆಯೋ, ಊಟದ ಹಾಲ್ ಬಿಟ್ಟು ಕದಲಬಾರದು. ಬಫೆಯಲ್ಲಿ ಇದೇ ರೋಗದ ಇನ್ನೊಂದು ರೂಪ: ಮತ್ತೆ ಸಾಲಿನಲ್ಲಿ ನಿಲ್ಲಬೇಕಲ್ಲ ಎಂದು ಜನ ಒಂದೇ ಸಲ ತಟ್ಟೆ ತುಂಬಿಸಿಕೊಳ್ಳುತ್ತಾರೆ. ಒಂದೇ ಬಗೆಯ ಊಟವನ್ನು ಎರಡು ಮೂರು ಕಡೆ ಇಟ್ಟು ಸಾಲು ಮುರಿದರೆ ತಟ್ಟೆಯೂ ಹಗುರಾಗುತ್ತದೆ.

ಇಷ್ಟಾದರೂ ಉಳಿಯುತ್ತದೆ. ಉಳಿದದ್ದನ್ನು ‘ಅನಾಥಾಶ್ರಮಕ್ಕೆ ಕೊಟ್ಟರಾಯಿತು’ ಎನ್ನುವುದು ಸುಲಭ, ಮಾಡುವುದು ಹಾಗಲ್ಲ. ಆರತಕ್ಷತೆ ಮುಗಿಯುವುದು ರಾತ್ರಿ ಹತ್ತೂವರೆಗೆ. ಆ ಹೊತ್ತಿಗೆ ಊಟ ಬೇಕಾದವರು ಮಲಗಿರುತ್ತಾರೆ. ಅದಕ್ಕಿಂತ ಮುಖ್ಯ, ದೊಡ್ಡ ಹಂಡೆಯ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಇರುತ್ತದೆ. ಅಕ್ಕಿಯಲ್ಲಿ ಸಹಜವಾಗಿರುವ ‘ಬ್ಯಾಸಿಲಸ್ ಸೀರಿಯಸ್’ ಎಂಬ ಬ್ಯಾಕ್ಟೀರಿಯಾದ ಬೀಜಕಣ ಕುದಿತಕ್ಕೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅದು ಬೆಳೆದು ಬಿಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ದಾನದ ಊಟ ಉಂಡು ಹಾಸ್ಟೆಲಿನ ಮಕ್ಕಳು ವಾಂತಿ ಮಾಡಿಕೊಂಡರೆ ಪುಣ್ಯವೂ ಇಲ್ಲ, ನ್ಯಾಯವೂ ಇಲ್ಲ. ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ಹಂಚಿಕೆಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2019ರ ನಿಯಮಾವಳಿಯೇ ಇದೆ.

ಆದ್ದರಿಂದ ತೀರ್ಮಾನ ಊಟ ಮುಗಿದ ಮೇಲೆ ಆಗಬಾರದು, ಒಂಬತ್ತು ಗಂಟೆಗೇ ಆಗಬೇಕು. ಆ ಹೊತ್ತಿಗೆ ಎಷ್ಟು ಎಲೆ ಎದ್ದಿದೆ ಎಂದು ಉಗ್ರಾಣದಲ್ಲಿ ಗೊತ್ತಿರುತ್ತದೆ: ಕೊಟ್ಟ ಎಲೆಗಳಲ್ಲಿ ಉಳಿದದ್ದನ್ನು ಕಳೆದರೆ ಸಾಕು. ಮುಟ್ಟದ ಹಂಡೆಯಿದ್ದರೆ ಮುಚ್ಚಳ ತೆಗೆಯದೆ, 60 ಡಿಗ್ರಿಗಿಂತ ಬಿಸಿ ಇರುವಾಗಲೇ ಬೇರೆ ಇಡಿಸಿ, ಮಾಡಿದ ಸಮಯ ಬರೆದ ಚೀಟಿ ಅಂಟಿಸಿ, ಮೊದಲೇ ಮಾತನಾಡಿಟ್ಟುಕೊಂಡ ಸ್ವಯಂಸೇವಕರಿಗೆ ಫೋನ್ ಮಾಡಬೇಕು. ಬಿಸಿ 60 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಎರಡು ಗಂಟೆಯೊಳಗೆ ತಿನ್ನುವವರ ಕೈ ಸೇರದಿದ್ದರೆ ಕೊಡಬಾರದು. ಪಂಕ್ತಿಗೆ ಹೋಗಿ ಬಂದ ಬಕೆಟಿನದನ್ನು ಹಂಡೆಗೆ ಸುರಿಯಬಾರದು. ಕೋಸಂಬರಿ, ತೆಂಗಿನಕಾಯಿ ಹಾಕಿದ ಪಲ್ಯ, ಚಟ್ನಿ, ಹಾಲಿನ ಪಾಯಸ, ಮೊಸರನ್ನ ಕೊಡುವ ಪಟ್ಟಿಯಲ್ಲೇ ಬೇಡ. ಚಿರೋಟಿ, ಲಾಡು ಮಾರನೆಯ ಬೆಳಿಗ್ಗೆ ಧಾರಾಳವಾಗಿ ಹಂಚಬಹುದು.

ಹೊರಗೆ ಹೋಗುವ ಕಸದ ಬಗ್ಗೆ ಎರಡೇ ಮಾತು. 2016ರ ಮಾರ್ಚಿನಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚದ ಜೊತೆ ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯೂ ನಿಷಿದ್ಧ. ಅದರ ಜಾಗಕ್ಕೆ ಬಂದ ಕಾಗದದ ಸುರುಳಿಗೆ ತೆಳು ಪ್ಲಾಸ್ಟಿಕ್ ಲೇಪ ಇದೆಯೇ ಎಂದು ಒಂದು ಚೂರು ನೀರಿನಲ್ಲಿ ನೆನೆಸಿ ಉಜ್ಜಿ ನೋಡಿ, ಲೇಪವಿದ್ದರೆ ಪೊರೆಯಾಗಿ ಏಳುತ್ತದೆ. ಬಾಳೆಲೆಯ ಜೊತೆ ಅರ್ಧ ಕುಡಿದ ನೀರಿನ ಬಾಟಲಿ ಬಿದ್ದರೆ ಗೊಬ್ಬರವಾಗಬೇಕಾದದ್ದು ಬರೀ ಕಸವಾಗುತ್ತದೆ, ಹಾಗಾಗಿ ಎಲೆ ಎತ್ತುವ ಕಡೆ ಬಾಟಲಿಗೆ ಬೇರೆ ಡ್ರಮ್ ಇರಲಿ.

ಆ ಎಲೆ ಎತ್ತುವ ಜಾಗಕ್ಕೆ ಮನೆಯವರು ಯಾರೂ ಹೋಗುವುದಿಲ್ಲ, ಹೋಗಬೇಕು. ಮೊದಲ ಪಂಕ್ತಿ ಎದ್ದ ಕೂಡಲೇ ಒಬ್ಬರು ಡ್ರಮ್ಮಿನ ಪಕ್ಕ ಐದು ನಿಮಿಷ ನಿಂತು, ಮಡಚಿದ ಎಲೆಗಳಲ್ಲಿ ಏನು ಮುಟ್ಟದೆ ಬಂದಿದೆ ಎಂದು ನೋಡಲಿ. ಹಾಗಲಕಾಯಿ ಗೊಜ್ಜು ಹತ್ತರಲ್ಲಿ ಏಳು ಎಲೆಯಲ್ಲಿ ಹಾಗೇ ಇದ್ದರೆ ಎರಡನೆಯ ಪಂಕ್ತಿಗೆ ಅದನ್ನು ಕೇಳಿದವರಿಗೆ ಮಾತ್ರ ಹಾಕುವಂತೆ, ಪೂರಿ ಅರ್ಧರ್ಧ ಉಳಿದಿದ್ದರೆ ಒಂದೊಂದೇ ಇಡುವಂತೆ ಬಡಿಸುವವರಿಗೆ ಹೇಳಲಿ. ನಾಲ್ಕು ಪಂಕ್ತಿಯ ಊಟದಲ್ಲಿ ಮೊದಲನೆಯದು ಮುಗಿದಾಗ ಇನ್ನೂ ಮುಕ್ಕಾಲು ಭಾಗ ಬಡಿಸುವುದು ಬಾಕಿ ಇರುತ್ತದೆ.